ನೂರಕ್ಕೆ ನೂರು

ಶಿಡ್ಲಘಟ್ಟದ ನನ್ನ ಜೆರಾಕ್ಸ್ ಅಂಗಡಿಯಲ್ಲಿ
ಇಲ್ಲಿಯವರೆಗೆ ನೂರಕ್ಕೆ ನೂರು ತೆಗೆದದ್ದು
ಹನ್ನೊಂದು ವರ್ಷದ ಈ ಕಂಪ್ಯೂಟರ್ ಒಂದೇ.
ಪ್ರೊಸೆಸರ್ ಬಳಕೆ: ನೂರು.
ಹಸಿರು ಗೆರೆ ಸೂರಿಗೆ ತಲೆ ತಾಗಿಸಿ ನಿಂತುಬಿಟ್ಟಿದೆ.
ಮೌಸ್ ತಳ್ಳಿದರೆ ಬಾಣ
ಕೇಳಿಸಿಕೊಂಡು, ಯೋಚಿಸಿ,
ಆಮೇಲೊಂದು ಹೆಜ್ಜೆ ಇಡುತ್ತದೆ.
ಒಳಗಿನ ಫ್ಯಾನು ಏದುಸಿರು ಬಿಡುತ್ತ
ಮೆಟ್ಟಿಲು ಹತ್ತುತ್ತಲೇ ಇದೆ,
ಮಹಡಿ ಬರುತ್ತಿಲ್ಲ.

ನಲವತ್ಮೂರು ಪಾಠ. ಎಲ್ಲ ನನ್ನದೇ ದನಿ.
ಎರಡು ತಿಂಗಳು ಶಟರ್ ಅರ್ಧ ಎಳೆದು
ಮುನಿಲಕ್ಷ್ಮಿಗೆಂದು ಓದಿದ್ದು:
ಇತಿಹಾಸ, ಸಮಾಜಶಾಸ್ತ್ರ.
ಚಿತ್ರದ ಕೆಳಗಿನ ಸಾಲೂ ಬಿಡಬೇಡಿ ಅಕ್ಕ, ಅಂದಿದ್ದಳು.
ಅವಳಿಗೆ ಹುಟ್ಟಿನಿಂದ ಕಣ್ಣಿಲ್ಲ. ಕೀಪ್ಯಾಡ್ ಫೋನಿದೆ,
ಅದರೊಳಗೆ ಉಗುರಿನಷ್ಟು ಒಂದು ಕಾರ್ಡು.
ಗೊತ್ತಿಲ್ಲದೆ ನಾನು ದೊಡ್ಡ ಫೈಲಾಗಿ ಹಿಡಿದಿಟ್ಟೆ,
ಒಂದೊಂದು ಪಾಠವೂ ಒಂದೊಂದು ಎಮ್ಮೆ.
ಈಗ ಎಲ್ಲವನ್ನೂ ಎಂಪಿತ್ರೀ ಮಾಡಿ
ಆ ಉಗುರಿನೊಳಗೆ ಕಟ್ಟಬೇಕು.
ಇವತ್ತು ಶುಕ್ರವಾರ. ಸೋಮವಾರ ಪರೀಕ್ಷೆ.

ಎಲ್ಲವನ್ನೂ ಆರಿಸಿ ಒಮ್ಮೆಗೇ ಒತ್ತಿದೆ.
ಉಳಿದ ಸಮಯ ಎರಡು ಗಂಟೆ, ಅಂತು.
ಟೀ ಕುಡಿದು ಬಂದೆ: ಒಂಬತ್ತು ಗಂಟೆ.
ಆಧಾರ್ ಪ್ರಿಂಟಿಗೆ ಬಂದ ಮುದುಕನೆದುರು
ಪರದೆ ಬಿಳಿಚಿಕೊಂಡು
‘ಪ್ರತಿಕ್ರಿಯಿಸುತ್ತಿಲ್ಲ’ ಎಂದು ಬರೆದು ತೋರಿಸಿತು.
ನಾನೂ ಪ್ರತಿಕ್ರಿಯಿಸಲಿಲ್ಲ.
ಆತ ನಮ್ಮಿಬ್ಬರನ್ನೂ ನೋಡಿ ಹೊರಟ.

ಬೆಂದ ಹುಳದ ವಾಸನೆ ಮೊದಲು ಬರುತ್ತದೆ,
ಆಮೇಲೆ ಪ್ಯಾರೇಜಾನ್ ಸಾಬ್ರು.
ಪಕ್ಕದ ಶೆಡ್ಡಿನಲ್ಲಿ ನಲವತ್ತು ವರ್ಷದ ನೂಲು ಬಿಚ್ಚಾಣಿಕೆ;
ಬಿಸಿನೀರಲ್ಲಿ ಅದ್ದೀ ಅದ್ದೀ
ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿವೆ,
ರೇಷನ್ ಅಂಗಡಿಯ ಯಂತ್ರ ಅವರನ್ನು ನಂಬುವುದಿಲ್ಲ.
ಆ ಕೈಯನ್ನು ಪೆಟ್ಟಿಗೆಯ ಮೇಲಿಟ್ಟು,
‘ನಮ್ಮ ಬಾಣಲೆ ಕಾದಂಗೆ ಕಾದದಲ್ಲಮ್ಮ, ಎಷ್ಟು ಗೂಡು ಹಾಕಿದ್ದೀ?’
ನಲವತ್ಮೂರು.
‘ಇದಕ್ಕೆ ಕೈ ಎಷ್ಟು?’
ಎರಡು.
ಸಾಬ್ರು ನಕ್ಕರು.
‘ಎರಡು ಕೈಗೆ ಅಷ್ಟೊಂದು ತುದಿ ಕೊಟ್ಟರೆ
ಎಳೆ ಸಿಗಲ್ಲ ತಾಯಿ, ಗಂಟು ಸಿಗ್ತದೆ.’

ನಿಲ್ಲಿಸಿದೆ. ಸ್ಕ್ರೂ ಬಿಚ್ಚಿದೆ.
ಫ್ಯಾನಿನ ರೆಕ್ಕೆರೆಕ್ಕೆಗೂ ಸುತ್ತಿಕೊಂಡಿತ್ತು
ಹಳದಿ ಧೂಳಿನ ಜೊತೆ ಹೊಸೆದುಕೊಂಡ
ಪಕ್ಕದ ಶೆಡ್ಡಿನ ಜೂಟು.
‘ನಿಮ್ಮದೇ ಮಾಲು ಸಾಬ್ರೇ’ ಅಂದೆ.
ಅವರು ಅದನ್ನು ಅಂಗೈಯಲ್ಲಿಟ್ಟು ತೂಗಿ,
‘ಎರಡನೇ ದರ್ಜೆ’ ಅಂದು ಜೇಬಿಗೆ ಹಾಕಿಕೊಂಡರು.

ಆಮೇಲೆ ಎರಡೆರಡೇ ಪಾಠ.
ಗೆರೆ ಸೂರಿನಿಂದಿಳಿದು ಎದೆಮಟ್ಟಕ್ಕೆ ಬಂತು.
ಬಾಣ ಹೇಳಿದ ಮಾತು ಕೇಳಿತು.
ಬೆಳಗಿನ ಜಾವ, ಕಾಯುತ್ತ, ಎಲ್ಲೋ ಓದಿದ್ದು ನೆನಪಾಯಿತು:
ಕಿವಿಗೆ ಗೊತ್ತಾಗದ್ದನ್ನೆಲ್ಲ ಆರಿಸಿ ಎಸೆದೇ
ಫೈಲು ಚಿಕ್ಕದಾಗುವುದಂತೆ.
ಹುಳ ಎಸೆದು ಎಳೆ ಉಳಿಸಿಕೊಂಡ ಹಾಗೆ.
ಯಾರ ಕಿವಿ, ಅಂತ ಬರೆದಿರಲಿಲ್ಲ.

ಭಾನುವಾರ ಸಂಜೆ ಫೋನು.
‘ಅಕ್ಕಾ, ಹದಿನೇಳನೇ ಪಾಠದಲ್ಲಿ
ಎರಡು ಹಾಳೆ ಒಟ್ಟಿಗೆ ತಿರುವಿದ್ದೀರ.’
ಹೇಗೆ ಗೊತ್ತಾಯ್ತೇ?
‘ಸದ್ದು ದಪ್ಪ ಇತ್ತು.
ನಡುವಿನದು ಈಗಲೇ ಓದ್ತೀರಾ, ಫೋನಲ್ಲೇ?’

ಪುಸ್ತಕ ತೆಗೆದೆ. ನಿಜ,
ಅಂಟಿಕೊಂಡೇ ಇದ್ದವು ಎರಡೂ.
ಉಗುರಿನಿಂದ ಮೆಲ್ಲಗೆ ಬಿಡಿಸಿ
ಶಟರ್ ಅರ್ಧ ಎಳೆದೆ.